ಮೂರು ಕೇಬಲ್ ತುಂಡಾದ ಮೇಲೂ ಮೀಟರ್ ಬಿಚ್ಚಿ ನೋಡಲಿಲ್ಲವೇ?

ಮಳೆ ಹಿಂದೆ ಸರಿಯುತ್ತಿದ್ದಂತೆ ನನಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಹಳೆಯ ಕಾರಿನ ಸ್ಪೀಡೋಮೀಟರಿನ ಬಗ್ಗೆಯೇ ಇರುತ್ತವೆ. ಮುಳ್ಳು ಕುಣಿಯುತ್ತದೆ, ಕೀಚಲು ಸದ್ದು ಬರುತ್ತದೆ, ಮೀಟರ್ ನಿಂತೇ ಹೋಗಿದೆ. ಚಿಕ್ಕಮಗಳೂರಿನ ಸುತ್ತ ಜೂನ್‌ನಲ್ಲಿ ಶೆಡ್ ಸೇರಿದ ಪದ್ಮಿನಿ, ಅಂಬಾಸಡರ್‌ಗಳು ಕಾಫಿ ಕೊಯ್ಲಿನ ಹೊತ್ತಿಗೆ ಹೊರಬರುತ್ತವೆ. ಅಷ್ಟರಲ್ಲಿ ಗೇರ್‌ಬಾಕ್ಸಿನ ತಿರುಗಾಟವನ್ನು ಮೀಟರಿಗೆ ಮುಟ್ಟಿಸುವ ಕೇಬಲ್‌ನೊಳಗೆ ತೇವ ಸೇರಿ ತುಕ್ಕು ಹಿಡಿದಿರುತ್ತದೆ, ಹೊರಗವಚವನ್ನು ಇಲಿ ಕಡಿದಿರುತ್ತದೆ. ಈ ಸಲ ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಬರೆಯುತ್ತೇನೆ. ದಯವಿಟ್ಟು ಕತ್ತರಿಸಿ ಇಟ್ಟುಕೊಳ್ಳಿ.

ನನ್ನ ಪ್ರೀಮಿಯರ್ ಪದ್ಮಿನಿಯಲ್ಲಿ ಒಂದೇ ವರ್ಷಕ್ಕೆ ಮೂರು ಮೀಟರ್ ಕೇಬಲ್ ತುಂಡಾದವು. ಈಗಿನ ಕೇಬಲ್‌ಗಳೇ ಕಳಪೆ ಎನ್ನುತ್ತಾರೆ ಮೆಕ್ಯಾನಿಕ್. ಪ್ರತಿ ಸಲವೂ ಗ್ರೀಸ್ ತುಂಬಿಸಿಯೇ ಹಾಕಿಸಿದ್ದೇನೆ. ಒಳ್ಳೆಯ ಕೇಬಲ್ ಎಲ್ಲಿ ಸಿಗುತ್ತದೆ?
– ಮೂಡಿಗೆರೆಯ ಓದುಗರು

ಎಲ್ಲಿ ಸಿಕ್ಕರೂ ನಾಲ್ಕನೆಯದೂ ತುಂಡಾಗುತ್ತದೆ. ಮೂರು ಸಲ ಹೊಸದು ಹಾಕಿದವರು ಹಳೆಯದು ಏಕೆ ಹೋಯಿತು ಎಂದು ಒಮ್ಮೆಯಾದರೂ ನೋಡಬೇಕಿತ್ತು. ನೋಡದೆ ಕೇಬಲ್ ಮಾರುವುದು ರಿಪೇರಿ ಅಲ್ಲ, ಬರೀ ವ್ಯಾಪಾರ.

ತುಂಡಾದ ಒಳತಂತಿಯನ್ನು ಎಸೆದಿಲ್ಲ ತಾನೇ? ಅದರ ತುದಿ ನೋಡಿ. ಹಗ್ಗದ ಹುರಿ ಬಿಚ್ಚಿಕೊಂಡಂತೆ ಎಳೆಗಳು ತಿರುಚಿ ಹರಿದಿದ್ದರೆ, ಮೇಲೆ ಮೀಟರ್ ಬಿಗಿಯಾಗಿದೆ ಎಂದರ್ಥ. ಗೇರ್‌ಬಾಕ್ಸ್ ತಿರುಗಿಸುತ್ತಿದೆ, ಮೀಟರ್ ತಿರುಗಲು ಒಪ್ಪುತ್ತಿಲ್ಲ, ನಡುವೆ ಸಿಕ್ಕಿದ ತಂತಿ ಸಾಯುತ್ತದೆ. ಒಂದೇ ಕಡೆ ಉಜ್ಜಿ ಹೊಳಪು ಬಂದು ಸವೆದಿದ್ದರೆ, ಅಲ್ಲಿ ಕೇಬಲ್ ಅತಿಯಾಗಿ ಬಾಗಿದೆ. ನಿಮ್ಮದು ಮೊದಲನೆಯದೇ ಎಂದು ನನ್ನ ಅನುಮಾನ.

ಪರೀಕ್ಷೆ ಸುಲಭ. ಬ್ಯಾಟರಿಯ ಅರ್ತ್ ತಂತಿ ಬಿಚ್ಚಿ, ಮೀಟರ್ ಹೊರತೆಗೆಯಿರಿ. ಹಳೆಯ ಒಳತಂತಿಯ ಮೇಲ್ತುದಿಯಿಂದ ಗೇಣುದ್ದ ಕತ್ತರಿಸಿ, ಅದರ ಚೌಕ ತುದಿಯನ್ನು ಮೀಟರಿನ ಹಿಂದಿನ ಚೌಕ ತೂತಿಗೆ ಸೇರಿಸಿ ಬೆರಳಿನಿಂದ ತಿರುಗಿಸಿ. ಒಂದು ದಿಕ್ಕಿನಲ್ಲಿ ಮುಳ್ಳು ಏಳಬೇಕು, ಬಿಟ್ಟ ಕೂಡಲೇ ಸೊನ್ನೆಗೆ ಇಳಿಯಬೇಕು, ಕೈಗೆ ತಡೆ ಸಿಗಬಾರದು. ಸಿಕ್ಕಿತೆಂದರೆ ಮೀಟರ್ ರಿಪೇರಿ ಮಾಡುವವರ ಬಳಿ ಕೊಡಿ. ಅದು ಸರಿಯಾಗುವವರೆಗೆ ಹೊಸ ಕೇಬಲ್ ಪೊಟ್ಟಣದಲ್ಲೇ ಇರಲಿ.

ಇನ್ನು ಗ್ರೀಸ್. ‘ತುಂಬಿಸಿ’ ಎಂಬ ಮಾತು ಓದಿ ನನಗೆ ನಿಜಕ್ಕೂ ಬೇಸರವಾಯಿತು. ಮೀಟರಿನೊಳಗೆ ತಿರುಗುವುದು ಒಂದು ಅಯಸ್ಕಾಂತ. ಅದನ್ನು ಮುಟ್ಟದಂತೆ, ಕೂದಲೆಳೆಯ ಅಂತರದಲ್ಲಿ ಒಂದು ಅಲ್ಯೂಮಿನಿಯಂ ಬಟ್ಟಲು ಇರುತ್ತದೆ. ಅಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ಹುಟ್ಟುವ ವಿದ್ಯುತ್ ಸುಳಿ ಅದನ್ನು ಎಳೆಯುತ್ತದೆ, ಸಣ್ಣ ಸ್ಪ್ರಿಂಗ್ ತಡೆಯುತ್ತದೆ. ಆ ಎರಡರ ಜಗ್ಗಾಟವನ್ನೇ ಮುಳ್ಳು ತೋರಿಸುವುದು. ಕೇಬಲ್‌ನ ಒಳತಂತಿಯೋ ಸುರುಳಿ ಸುತ್ತಿದ್ದು. ತಿರುಗುತ್ತಾ ತಿರುಗುತ್ತಾ ಗ್ರೀಸನ್ನು ಮೇಲಕ್ಕೆ ಏರಿಸುತ್ತದೆ. ಅದು ಬಟ್ಟಲಿಗೆ ಅಂಟಿದರೆ ನಲವತ್ತರಲ್ಲಿ ಓಡುವ ಕಾರು ಅರವತ್ತು ತೋರಿಸುತ್ತದೆ. ಹಳತಾಗಿ ಗಟ್ಟಿಯಾದರೆ ಎಲ್ಲವೂ ಬಿಗಿಯುತ್ತದೆ. ಕೆಲಸ ಕಲಿಯುವ ದಿನಗಳಲ್ಲಿ ನಾನೇ ಹೀಗೆ ಒಬ್ಬರ ಮೀಟರ್ ಕೆಡಿಸಿ, ಬೇರೆಯದನ್ನು ಕೈಯಿಂದ ಹಣ ಹಾಕಿ ಕೊಡಿಸಿದ್ದೇನೆ. ಅಂದಿನಿಂದ ಕೆಳಗಿನ ಮೂರನೇ ಎರಡು ಭಾಗಕ್ಕೆ ಮಾತ್ರ ತೆಳುವಾಗಿ ಸವರುತ್ತೇನೆ, ಮೇಲಿನ ಉಳಿದ ಭಾಗ ಒಣಗಿಯೇ ಇರುತ್ತದೆ. ತೆಂಗಿನೆಣ್ಣೆ, ಸುಟ್ಟ ಎಂಜಿನ್ ಆಯಿಲ್ ಹಾಕುವ ಮಹಾನುಭಾವರ ಕೈಗೆ ನಿಮ್ಮ ಕಾರನ್ನು ಕೊಡಬೇಡಿ. ಗ್ರೀಸ್ ಹಾಕದೆಯೂ ಕೇಬಲ್ ಎಣ್ಣೆಯಲ್ಲಿ ತೊಯ್ದಿದ್ದರೆ ಗೇರ್‌ಬಾಕ್ಸ್ ಕಡೆಯ ಆಯಿಲ್ ಸೀಲ್ ಹೋಗಿದೆ, ಮೊದಲು ಅದನ್ನು ಬದಲಾಯಿಸಿ.

ಹೊಸ ಕೇಬಲ್ ಕೊಳ್ಳುವಾಗ ಹಳೆಯದನ್ನು ಜೊತೆಗೆ ಒಯ್ದು ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆಯಿರಿ, ಅಂಗಡಿಯವರ ಮಾತು ಸಾಲದು. ಒಳತಂತಿಯನ್ನು ಗಾಜಿನ ಮೇಲೆ ಉರುಳಿಸಿ; ನೆಗೆದು ನೆಗೆದು ಉರುಳಿದರೆ ಅದು ಎಲ್ಲೋ ಮಡಚಿ ಡೊಂಕಾಗಿದೆ, ಮುಳ್ಳು ಕುಣಿಯುವುದು ಖಚಿತ. ಕೆಳಗೆ ಸರಿಯಾಗಿ ಕೂತಾಗ ಮೇಲ್ತುದಿ ಕವಚದಿಂದ ಸುಮಾರು 10 ಮಿಲಿಮೀಟರ್ ಹೊರಗಿರಬೇಕು. ಅದಕ್ಕಿಂತ ಬಹಳ ಉದ್ದವಿದ್ದರೆ ನಟ್ ಬಿಗಿಯುವಾಗ ಮೀಟರಿನ ಷಾಫ್ಟನ್ನೇ ಒತ್ತಿ ಹಿಡಿಯುತ್ತದೆ. ನಿಮ್ಮ ಮೂರು ಕೇಬಲ್‌ಗಳಿಗೆ ಇದೂ ಕಾರಣವಾಗಿರಬಹುದು. ದಾರಿಯಲ್ಲಿ ಎಲ್ಲೂ 15 ಸೆಂಟಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾದ ತಿರುವು ಬೇಡ, ಸೈಲೆನ್ಸರ್ ಪೈಪಿಗೆ ತಾಗುವುದೂ ಬೇಡ. ಮೀಟರಿನ ನಟ್ ಕೈಬಿಗಿ ಸಾಕು, ಪ್ಲೈಯರ್ ಬೇಡವೇ ಬೇಡ.

ಗೇರ್‌ಬಾಕ್ಸ್ ತುದಿಗೆ ಕಾರಿನ ಅಡಿ ಹೋಗಬೇಕು. ಬರೀ ಜಾಕ್ ಮೇಲೆ ನಿಂತ ಕಾರಿನಡಿ ತಲೆ ಹಾಕಬೇಡಿ, ಇಟ್ಟಿಗೆ ಒಟ್ಟಿ ನಂಬಬೇಡಿ. ಕಾರನ್ನು ಹೊತ್ತು ನಿಲ್ಲುವ ಸ್ಟ್ಯಾಂಡ್ ಇಲ್ಲದಿದ್ದರೆ ಗುಂಡಿ ಇರುವ ಗ್ಯಾರೇಜಿಗೆ ಹೋಗಿ. ಈ ವಿಷಯದಲ್ಲಿ ನನ್ನನ್ನು ಅತಿ ಪುಕ್ಕಲ ಎನ್ನುವವರಿದ್ದಾರೆ. ಎನ್ನಲಿ.

ಅಂಬಾಸಡರ್ ಕೇಬಲ್ ಸಿಗುತ್ತಿಲ್ಲ, ಬೇರೆ ಕಾರಿನದು ಹಾಕಬಹುದೇ? – ಬೇಲೂರು

2014ರಲ್ಲಿ ಅಂಬಾಸಡರ್ ತಯಾರಿಸುತ್ತಿದ್ದ ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆ ನಿಂತಿತು, ಓಡುತ್ತಿರುವ ಕಾರುಗಳು ನಿಂತಿಲ್ಲ, ಇನ್ನಷ್ಟು ಹುಡುಕಿ. ಎರಡೂ ತುದಿ ಮತ್ತು ಉದ್ದ ಹೊಂದದ ಯಾವುದನ್ನೂ ಹಾಕಬೇಡಿ.

ನಲವತ್ತು ವರ್ಷದಿಂದ ಓಡಿಸುತ್ತಿದ್ದೇನೆ, ಸದ್ದಿನಿಂದಲೇ ವೇಗ ತಿಳಿಯುತ್ತದೆ. ಮೀಟರ್ ಬೇಕೇ? – ಸಕಲೇಶಪುರ

ಬೇಕು. ಸ್ಪೀಡೋಮೀಟರ್ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಶಿರಾಡಿ ಘಾಟಿ ಇಳಿಯುವಾಗ ಕಿವಿಯನ್ನು ನಂಬುವವರ ಹಿಂದೆ ಬರಲು ನನಗೆ ಭಯ.

ಕಾರು ಮಾರುವ ಮುನ್ನ ಮೀಟರಿನ ಕಿಲೋಮೀಟರ್ ಅಂಕಿ ಹಿಂದಕ್ಕೆ ತಿರುಗಿಸಿಕೊಡುತ್ತೇನೆ ಎಂದು ಒಬ್ಬರು ಹೇಳಿದ್ದಾರೆ. ಮಾಡಿಸಲೇ? – ಹಾಸನ

ಅದು ಮೋಸ. ಇಂಥ ಪ್ರಶ್ನೆ ಇನ್ನು ಕಳಿಸಬೇಡಿ.

ಕಿಲೋಮೀಟರ್ ಓಡುತ್ತದೆ, ಮುಳ್ಳು ಮಾತ್ರ ಏಳುವುದಿಲ್ಲ. ಕೇಬಲ್ ತರಿಸಲೇ? – ಕಡೂರು

ಕಿಲೋಮೀಟರ್ ಓಡಿಸುತ್ತಿರುವುದು ಅದೇ ಕೇಬಲ್. ಅದನ್ನು ಮುಟ್ಟಬೇಡಿ, ಮೀಟರ್ ಬಿಚ್ಚಿಸಿ.