ಸಂಪಾದಕರ ಉತ್ತರ: ಬಿಸಿಲೇರುವವರೆಗೆ

ಪ್ರಿಯ ಸಹೋದರಿ,

ಬೀದರ್ ಜಿಲ್ಲೆಯ ನಿಮ್ಮ ಹಳ್ಳಿಯಿಂದ ಬಂದ ಪತ್ರವನ್ನು ಎರಡು ಸಲ ಓದಿದೆ. 76 ವರ್ಷದ ನಿಮ್ಮ ತಂದೆಯವರು ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರಾದರೂ ನಸುಕಿನ 4.30ಕ್ಕೆ ಎದ್ದು, ಅಂಗಳದ ತೊಟ್ಟಿಯ ತಣ್ಣೀರನ್ನೇ ತಲೆಯ ಮೇಲೆ ಸುರಿದುಕೊಂಡು, ಕತ್ತಲಿರುವಾಗಲೇ ಹೊಲದ ಕಡೆಗೆ ನಡೆದುಬಿಡುತ್ತಾರೆ. ರಾತ್ರಿ ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಶೇಗಡಿ ಇಟ್ಟುಕೊಂಡು ಮಲಗುತ್ತಾರೆ. ದೀಪಾವಳಿ ಕಳೆದಂದಿನಿಂದ ಮಾತೂ ಕಡಿಮೆಯಾಗಿದೆ ಎಂದು ಬರೆದಿದ್ದೀರಿ. ಬೇಡವೆಂದು ಹೇಳಹೋದರೆ ‘ಇದೇನು ಕಾಶ್ಮೀರ ಏನವ್ವಾ, ನನಗ ಥಂಡೀನೇ ಹತ್ತಲ್ಲ’ ಎನ್ನುತ್ತಾರಂತೆ. ನಮ್ಮ ಕಡೆಯ ಚಳಿಗೆ ನಿಜವಾಗಿಯೂ ಅಂಜಬೇಕೆ, ಅಥವಾ ಕಾಳಜಿಯಲ್ಲಿ ನಾನೇ ಅತಿ ಮಾಡುತ್ತಿದ್ದೇನೆಯೇ ಎಂಬುದು ನಿಮ್ಮ ಪ್ರಶ್ನೆ.

ನೀವು ಅತಿ ಮಾಡುತ್ತಿಲ್ಲ. ಕಾಶ್ಮೀರದ ಚಳಿಯೇ ಚಳಿ, ನಮ್ಮದು ಬರೀ ತಂಪು ಎಂಬ ಭಾವನೆ ನಮ್ಮಲ್ಲಿ ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ, ಬೇಸಿಗೆಯ ಬಿಸಿಲಿಗೆ ಹೆದರುವಷ್ಟು ನಾವು ಮಾಗಿಯ ನಸುಕಿಗೆ ಹೆದರುವುದಿಲ್ಲ. 2015ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ 13 ದೇಶಗಳ 384 ಸ್ಥಳಗಳಲ್ಲಿ ಸಂಭವಿಸಿದ ಸುಮಾರು 7.4 ಕೋಟಿ ಸಾವುಗಳನ್ನು ಹವೆಯ ಉಷ್ಣತೆಯೊಂದಿಗೆ ಹೋಲಿಸಿ ನೋಡಿತು. ಚಳಿಗೆ ಸಲ್ಲುವ ಸಾವುಗಳು ನೂರಕ್ಕೆ ಏಳಕ್ಕಿಂತ ಹೆಚ್ಚಾಗಿದ್ದರೆ ಸೆಕೆಗೆ ಸಲ್ಲುವವು ನೂರಕ್ಕೆ ಒಂದಕ್ಕಿಂತ ಕಡಿಮೆ ಇದ್ದವು. ಆ ಪಟ್ಟಿಯಲ್ಲಿ ಭಾರತ ಇರಲಿಲ್ಲ. ಆದರೆ ಸ್ವೀಡನ್, ಕೆನಡಾಗಳ ಜೊತೆಗೆ ಥಾಯ್ಲೆಂಡ್, ಬ್ರೆಜಿಲ್‌ನಂತಹ ಬೆಚ್ಚನೆಯ ದೇಶಗಳೂ ಇದ್ದವು. ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಮಾತು ಇನ್ನೊಂದಿದೆ. ಆ ಸಾವುಗಳಲ್ಲಿ ಹೆಚ್ಚಿನವು ಮೈ ಕೊರೆಯುವ ವಿಪರೀತ ಚಳಿಯ ದಿನಗಳಲ್ಲಿ ಆದವಲ್ಲ. ಸುದ್ದಿಯಾಗದ, ಯಾರೂ ಲೆಕ್ಕಕ್ಕೆ ಹಿಡಿಯದ ಸಾಧಾರಣ ಚಳಿಯ ದಿನಗಳಲ್ಲಿ ಆದವು.

ಅದಕ್ಕೂ ಮೊದಲು, 1997ರಲ್ಲಿ, ಯುರೋಪಿನ ಹಲವು ಪ್ರದೇಶಗಳನ್ನು ಹೋಲಿಸಿದ ಮತ್ತೊಂದು ಅಧ್ಯಯನ, ಉಷ್ಣತೆ ಒಂದೇ ಪ್ರಮಾಣದಲ್ಲಿ ಇಳಿದಾಗ ಸಾವು ಹೆಚ್ಚುವುದು ಹಿಮದ ನಾಡುಗಳಿಗಿಂತ ಚಳಿಗಾಲ ಮೃದುವಾಗಿರುವ ನಾಡುಗಳಲ್ಲೇ ಎಂದು ತೋರಿಸಿತ್ತು. ಹಿಮದ ನಾಡಿನವರ ಮನೆಗಳು ಬೆಚ್ಚಗಿರುತ್ತವೆ, ಹೊರಗೆ ಕಾಲಿಡುವಾಗ ಅವರು ತಲೆಯಿಂದ ಪಾದದವರೆಗೆ ಹೊದ್ದುಕೊಳ್ಳುತ್ತಾರೆ. ಬೆಚ್ಚನೆಯ ನಾಡಿನವರು ಎರಡನ್ನೂ ಮಾಡುವುದಿಲ್ಲ. ಸಮುದ್ರ ಮಟ್ಟದಿಂದ ಎರಡು ಸಾವಿರ ಅಡಿಗೂ ಮಿಕ್ಕಿ ಎತ್ತರದಲ್ಲಿರುವ ಬೀದರಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು 10 ಡಿಗ್ರಿಯ ಆಸುಪಾಸಿಗೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತವೆ. ನಮ್ಮ ಮನೆಗಳನ್ನಾದರೋ ನಾವು ಕಟ್ಟಿಕೊಂಡಿರುವುದು ಮೇ ತಿಂಗಳ ಬಿಸಿಲನ್ನು ತಡೆಯುವುದಕ್ಕೆ. ಮೇ ತಿಂಗಳಲ್ಲಿ ಹಾಯೆನಿಸುವ ಶಹಾಬಾದ್ ಕಲ್ಲಿನ ನೆಲವೇ ಡಿಸೆಂಬರಿನ ನಸುಕಿನಲ್ಲಿ ಬರಿಗಾಲಿನಿಂದ ಶಾಖವನ್ನು ಹೀರುತ್ತದೆ. ಸಮಶೀತೋಷ್ಣ ಹಾಗೂ ಚಳಿಯ ದೇಶಗಳ ಮನೆಯೊಳಗೆ ಕನಿಷ್ಠ 18 ಡಿಗ್ರಿ ಉಷ್ಣತೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಸೂಚಿಸಿತು. ನಿಮ್ಮ ತಂದೆಯವರು ಮಲಗುವ ಕೋಣೆಯಲ್ಲಿ ಒಂದು ಸಾದಾ ಉಷ್ಣತಾಮಾಪಕವನ್ನು ತೂಗುಹಾಕಿ, ನಸುಕಿನಲ್ಲಿ ಅದು ಏನು ತೋರಿಸುತ್ತದೆಂದು ನೋಡಿ.

‘ನನಗ ಥಂಡೀನೇ ಹತ್ತಲ್ಲ’ ಎಂಬ ಮಾತನ್ನು ಸುಳ್ಳೆಂದು ತಿಳಿಯಬೇಡಿ. ಅವರು ಹೇಳುವುದು ನಿಜವೇ ಇರಬಹುದು, ಅಪಾಯವೂ ಅದರಲ್ಲಿಯೇ ಇದೆ. ವಯಸ್ಸಾದಂತೆ ಚರ್ಮ ಚಳಿಯನ್ನು ಗುರುತಿಸುವ ಶಕ್ತಿ ಕುಗ್ಗುತ್ತದೆ, ನಡುಕ ತಡವಾಗಿ ಹುಟ್ಟುತ್ತದೆ, ಶಾಖವನ್ನು ಹುಟ್ಟಿಸುವ ಮಾಂಸಖಂಡವೂ ಸವೆದಿರುತ್ತದೆ. ಆದ್ದರಿಂದ ಹಿರಿಯರಿಗೆ ಹೊದಿಕೆ ಬೇಕೇ ಎಂಬುದನ್ನು ಅವರ ಮಾತಿನಿಂದಲ್ಲ, ಅವರ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ ತೀರ್ಮಾನಿಸಬೇಕು. ಸದಾ ಬೆಚ್ಚಗಿರಬೇಕಾದ ಹೊಟ್ಟೆಯೇ ತಣ್ಣಗಿದ್ದು, ಮಾತು ತೊದಲುತ್ತಿದ್ದರೆ, ಕಾರಣವಿಲ್ಲದ ಮಂಪರು ಕವಿದಿದ್ದರೆ, ದೇಹದ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದಿರುವ ಸಂಭವವುಂಟು. ಅದು ಆಸ್ಪತ್ರೆಗೆ ಒಯ್ಯಬೇಕಾದ ಸ್ಥಿತಿ.

ಇನ್ನು ನಸುಕಿನ ಸ್ನಾನ, ನಡಿಗೆಗಳ ವಿಚಾರ. ಚಳಿ ತಾಗಿದೊಡನೆ ಚರ್ಮದ ರಕ್ತನಾಳಗಳು ಸಂಕುಚಿತಗೊಂಡು ರಕ್ತದೊತ್ತಡ ಏರುತ್ತದೆ; ತಲೆಯ ಮೇಲೆ ಒಮ್ಮೆಲೇ ಬೀಳುವ ತಣ್ಣೀರು ಆ ಏರಿಕೆಯನ್ನು ಕ್ಷಣಾರ್ಧದಲ್ಲಿ ಉಂಟುಮಾಡುತ್ತದೆ. ಹೃದಯಾಘಾತಗಳು ದಿನದ ಉಳಿದ ಹೊತ್ತಿಗಿಂತ ಬೆಳಗಿನ ಹೊತ್ತಿನಲ್ಲಿ ಹೆಚ್ಚು ಎಂಬುದು ವೈದ್ಯರಿಗೆ ಹಳೆಯ ತಿಳಿವಳಿಕೆ. ಹೀಗಿರುವಾಗ ನಿದ್ದೆಯಿಂದೆದ್ದ ದೇಹ, ತಣ್ಣೀರು, ಕತ್ತಲಲ್ಲಿ ಬಿರುಸಿನ ನಡಿಗೆ, ಈ ಮೂರನ್ನೂ ಒಂದೇ ತಾಸಿನೊಳಗೆ ಸೇರಿಸುವುದು 76ರ ಹೃದಯಕ್ಕೆ ನ್ಯಾಯವಲ್ಲ. ನಸುಕಿನ ಗಾಳಿ ಶುದ್ಧವೆಂಬ ನಂಬಿಕೆಯೂ ಚಳಿಗಾಲಕ್ಕೆ ಹೊಂದುವುದಿಲ್ಲ. ರಾತ್ರಿ ನೆಲ ತಣಿದಾಗ ತಣ್ಣನೆಯ ಗಾಳಿ ಕೆಳಗೂ ಬೆಚ್ಚನೆಯ ಗಾಳಿ ಮೇಲೂ ನಿಂತು, ಒಲೆಯ ಹೊಗೆ, ಕಸ ಸುಟ್ಟ ಹೊಗೆ, ತೊಗರಿ ರಾಶಿಯ ದೂಳು ಎಲ್ಲವೂ ಆಳೆತ್ತರದಲ್ಲಿಯೇ ಉಳಿಯುತ್ತವೆ. ಬಿಸಿಲು ನೆಲವನ್ನು ಕಾಯಿಸಿದ ಮೇಲೆಯೇ ಆ ಪದರ ಒಡೆದು ಗಾಳಿ ಮೇಲೇರುತ್ತದೆ. ಆದ್ದರಿಂದ ನಡಿಗೆಯನ್ನು ಬಿಡಿಸಬೇಡಿ, ಅದರ ಹೊತ್ತನ್ನು ಬದಲಿಸಿ. ನಡೆಯುವುದು ನಿಂತರೆ ಕೀಲುಗಳು ಬಿಗಿಯುತ್ತವೆ, ಮನಸ್ಸೂ ಕುಗ್ಗುತ್ತದೆ.

ಬದಲಿಸುವುದು ಸುಲಭವಲ್ಲವೆಂದು ಬಲ್ಲೆ. ನನ್ನ ತಂದೆಯವರೂ ನಸುಕಿಗೆ ನಡೆಯುವವರಾಗಿದ್ದರು. ವೈದ್ಯರು ಹೇಳಿದರೂ, ನಾನು ಜಗಳವಾಡಿದರೂ ಕೇಳಲಿಲ್ಲ. ಕೊನೆಗೆ ಮೊಮ್ಮಗಳನ್ನು 8 ಗಂಟೆಯ ಶಾಲೆಯ ಬಸ್ಸಿಗೆ ಬಿಟ್ಟುಬರುವ ಕೆಲಸ ಅವರ ಪಾಲಿಗೆ ಬಂದಿತು. ಎರಡು ಸಲ ನಡೆಯಲಾರೆನೆಂದು ಅವರೇ ನಸುಕಿನ ನಡಿಗೆಯನ್ನು ಕೈಬಿಟ್ಟರು. ನಿಮ್ಮಲ್ಲಿಯೂ ಬಿಸಿಲು ಬಿದ್ದ ಮೇಲೆ ಮಾತ್ರ ಮಾಡಬಹುದಾದ ಒಂದು ಕೆಲಸವನ್ನು, ಡೈರಿಗೆ ಹಾಲು ಕೊಟ್ಟುಬರುವುದನ್ನೋ ಕಡಲೆ ಹೊಲಕ್ಕೆ ಹೋಗಿ ನೋಡಿಬರುವುದನ್ನೋ, ಅವರಿಗೆ ಒಪ್ಪಿಸಿ ನೋಡಿ. ಸ್ನಾನಕ್ಕೆ ಹಂಡೆಯಲ್ಲಿ ನೀರು ಕಾಯಲಿ, ಮೊದಲ ತಂಬಿಗೆ ತಲೆಗಲ್ಲ, ಪಾದಕ್ಕೆ ಬೀಳಲಿ. ಮುಂದೆ ಗ್ಯಾಸ್ ಗೀಸರ್ ಹಾಕಿಸುವ ವಿಚಾರವಿದ್ದರೆ ಅದನ್ನು ಸ್ನಾನದ ಮನೆಯ ಹೊರಗೇ ಹಾಕಿಸಿ. ಅದಕ್ಕೆ ಕಾರಣ ಶೇಗಡಿಯ ಮಾತಿನಲ್ಲಿ ಬರುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಳವಳಗೊಳಿಸಿದ್ದು ಆ ಶೇಗಡಿ. ಇದ್ದಿಲು ಉರಿಯುವಾಗ ಸಾಕಷ್ಟು ಗಾಳಿ ಸಿಗದಿದ್ದರೆ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಕಣ್ಣು ಉರಿಸುವುದಿಲ್ಲ. ಹೊಗೆಯಾಡದೆ ಕೆಂಪಗೆ ಕಾಣುವ ಕೆಂಡ ನಿರಪಾಯಕಾರಿ ಎಂದು ಜನ ಭಾವಿಸುವುದು ಇದರಿಂದಲೇ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುವುದರಿಂದ, ಉಸಿರಾಟ ನಡೆಯುತ್ತಿದ್ದರೂ ದೇಹಕ್ಕೆ ಆಮ್ಲಜನಕ ಸಿಗದಂತಾಗುತ್ತದೆ. ಎಚ್ಚರವಿದ್ದವರಿಗೆ ತಲೆನೋವು, ವಾಕರಿಕೆ, ತಲೆಸುತ್ತು ಕಾಣಿಸಿಕೊಂಡೀತು. ನಿದ್ದೆಯಲ್ಲಿದ್ದವರಿಗೆ ಆ ಮುನ್ಸೂಚನೆಯೂ ಇಲ್ಲ, ನಿದ್ದೆ ಆಳವಾಗುತ್ತಾ ಹೋಗಿ ಏಳದಂತಾಗುತ್ತದೆ. ಗಾಳಿಯಾಡದ ಸ್ನಾನದ ಮನೆಯೊಳಗೆ ಗ್ಯಾಸ್ ಗೀಸರ್ ಉರಿದಾಗ ಆಗುವುದೂ ಇದೇ. ಶೇಗಡಿ ಬೇಕೆಂದರೆ ಸಂಜೆ ಪಡಸಾಲೆಯಲ್ಲಿ, ಬಾಗಿಲು ತೆರೆದಿಟ್ಟು, ಎಲ್ಲರೂ ಎಚ್ಚರವಿರುವಾಗ ಕಾಯಿಸಿಕೊಳ್ಳಿ. ಮಲಗುವ ಮುಂಚೆ ಅದು ಹೊರಗೆ ಹೋಗಲಿ. ಬೂದಿ ಮುಚ್ಚಿದ ಕೆಂಡವನ್ನು ಆರಿತೆಂದು ತಿಳಿದು ಒಳಗಿಡಬೇಡಿ.

ಶೇಗಡಿಯನ್ನು ತೆಗೆದ ಕೋಣೆಗೆ ಬೆಚ್ಚನೆಯ ಬೇರೆ ದಾರಿ ನಿಮ್ಮ ಮನೆಯ ಟ್ರಂಕಿನಲ್ಲಿಯೇ ಇದ್ದೀತು. ಹಳೆಯ ಸೀರೆಗಳನ್ನು ಒಂದರ ಮೇಲೊಂದಿಟ್ಟು ಹೊಲಿದ ಕೌದಿ ಬೆಚ್ಚಗಿರುವುದು ಬಟ್ಟೆಯಿಂದಷ್ಟೇ ಅಲ್ಲ, ಅದರ ಪದರಗಳ ನಡುವೆ ಸಿಕ್ಕಿಬಿದ್ದ ಗಾಳಿಯಿಂದಲೂ ಹೌದು. ಒಂದು ದಪ್ಪ ಸ್ವೆಟರಿಗಿಂತ ಎರಡು ಮೂರು ತೆಳು ಅಂಗಿಗಳು ಮೇಲೆಂಬುದಕ್ಕೂ ಕಾರಣ ಅದೇ. ಒಂದು ಕೌದಿ ಮೇಲಿದ್ದರೆ ಇನ್ನೊಂದು ಕೆಳಗೂ ಇರಲಿ, ಕಾಲಿಗೆ ಕಾಲುಚೀಲ, ತಲೆಗೆ ಟೊಪ್ಪಿಗೆ ಇರಲಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಮಾತ್ರ ಬಿಸಿನೀರಿನ ಚೀಲವನ್ನು ಕೊಡಬಾರದು. ಸುಟ್ಟದ್ದು ಅವರಿಗೆ ಗೊತ್ತಾಗುವುದಿಲ್ಲ.

ಊಟದ ಬಗ್ಗೆ ನಾನು ಹೆಚ್ಚು ಹೇಳಬೇಕಾಗಿಲ್ಲ; ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚಿ ತಟ್ಟುವ ನಾಡು ನಿಮ್ಮದು. ಬೆಲ್ಲವೂ ಸಕ್ಕರೆಯೇ ಎಂಬುದನ್ನು ಮಧುಮೇಹ ಉಳ್ಳವರು ಮರೆಯದಿದ್ದರೆ ಸಾಕು. ಆದರೆ ನೀರನ್ನು ಗಮನಿಸಿ. ಚಳಿಯಲ್ಲಿ ಬಾಯಾರಿಕೆ ತಿಳಿಯುವುದಿಲ್ಲ, ಮೂತ್ರ ಹೆಚ್ಚು ಬರುತ್ತದೆ, ರಾತ್ರಿ ಏಳುವ ಕಷ್ಟಕ್ಕೆ ಹಿರಿಯರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಹಗಲಿನಲ್ಲಿ ಬಿಸಿನೀರು, ಅಂಬಲಿ, ಸಾರು ಯಥೇಚ್ಛವಾಗಿ ಇರಲಿ, ಸಂಜೆಯಾದ ಮೇಲೆ ತಗ್ಗಲಿ. ರಕ್ತದೊತ್ತಡ ಬೇಸಿಗೆಗಿಂತ ಚಳಿಗಾಲದಲ್ಲಿ ಏರಿರುವುದು ಸಾಮಾನ್ಯವಾದ್ದರಿಂದ, ವಾರಕ್ಕೆರಡು ಸಲ ಅಳೆಸಿ ಬರೆದಿಟ್ಟು ವೈದ್ಯರಿಗೆ ತೋರಿಸಿ. ಮಾತ್ರೆಯನ್ನು ನೀವಾಗಿಯೇ ಹೆಚ್ಚಿಸಬೇಡಿ. ಇನ್‌ಫ್ಲುಯೆನ್ಜಾ ಮತ್ತು ನ್ಯುಮೋನಿಯಾ ಲಸಿಕೆಗಳ ಬಗ್ಗೆಯೂ ಅವರನ್ನೇ ಕೇಳಿ. ಎದೆ ಬಿಗಿತ, ತಣ್ಣನೆಯ ಬೆವರು, ದವಡೆಗೋ ತೋಳಿಗೋ ಹರಡುವ ನೋವು, ಒಂದು ಕಡೆಗೆ ಸೊಟ್ಟಗಾದ ಮುಖ, ಸೋತ ಕೈ, ತಡವರಿಸುವ ಮಾತು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ.

ಅವರ ಮೌನದ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ನನಗೆ ಅದು ಸಣ್ಣ ಸಂಗತಿಯೆಂದು ತೋರಲಿಲ್ಲ. ಚಳಿಗಾಲದಲ್ಲಿ ಹಳ್ಳಿಯ ಕಟ್ಟೆ ಬೇಗ ಬರಿದಾಗುತ್ತದೆ, ಬಾಗಿಲುಗಳು ಏಳಕ್ಕೇ ಮುಚ್ಚುತ್ತವೆ, ಎಂಟಕ್ಕೆ ಮಲಗಿದ ಹಿರಿಯರು ಮೂರಕ್ಕೆ ಎಚ್ಚರಗೊಂಡು ಮನೆಯೆಲ್ಲ ನಿದ್ರಿಸುತ್ತಿರುವಾಗ ಒಬ್ಬರೇ ಕಣ್ಣು ತೆರೆದು ಮಲಗಿರುತ್ತಾರೆ. ನಿಮ್ಮ ತಂದೆಯವರು ಆ ಹೊತ್ತಿನಲ್ಲಿ ಎದ್ದು ಹೊರಡುವುದು ಹಟದಿಂದಲ್ಲ, ಆ ಒಂಟಿ ಹೊತ್ತನ್ನು ಕಳೆಯಲಾಗದೆ ಇರಬಹುದೇ ಎಂದು ಯೋಚಿಸಿ. ರಾತ್ರಿ ಊಟದ ನಂತರ ಒಂದು ತಾಸು ಅವರೊಂದಿಗೆ ಕೂತು ಮಲಗುವುದನ್ನು ತಡಮಾಡಿಸಿದರೆ ಎಚ್ಚರವೂ ತಡವಾದೀತು. ವಯಸ್ಸಾದವರಲ್ಲಿ ಖಿನ್ನತೆ ಅಳುವಾಗಿ ಕಾಣಿಸುವುದಕ್ಕಿಂತ ಮೈಕೈ ನೋವಾಗಿ, ಊಟ ಸೇರದಿರುವುದಾಗಿ, ಮಾತು ನಿಂತುಹೋಗುವುದಾಗಿ ಕಾಣಿಸುವುದೇ ಹೆಚ್ಚು. ಎರಡು ವಾರ ಕಳೆದರೂ ಗೆಲುವು ಮರಳದಿದ್ದರೆ, 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ 14416ರಲ್ಲಿ ಕರೆ ಮಾಡಿ. ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು.

ಚಳಿಗಾಲವನ್ನು ಹಿರಿಯರು ಹೇಗೆ ಕಳೆಯಬೇಕೆಂಬುದಕ್ಕೆ ನಿಮ್ಮ ನೆಲದಲ್ಲಿಯೇ ಒಂದು ಆಚರಣೆಯಿದೆ. ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲಿ, ನಡು ಹಗಲಿನ ಬಿಸಿಲಿನಲ್ಲಿ ಸಾಲಾಗಿ ಕೂತು ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಉಣ್ಣುವಾಗ ಬೆಳಕು, ನಡಿಗೆ, ಆಹಾರ, ಜೊತೆಗಾರರು ಎಲ್ಲವೂ ಒಟ್ಟಿಗೆ ಸಿಗುತ್ತವೆ. ಅದನ್ನು ವರ್ಷಕ್ಕೊಂದು ದಿನಕ್ಕೆ ಬಿಡದೆ, ವಾರಕ್ಕೊಮ್ಮೆಯಾದರೂ ಹೊಲದಲ್ಲಿಯೋ ಮಾಳಿಗೆಯ ಮೇಲೆಯೋ ಅವರೊಡನೆ ಬಿಸಿಲಿನಲ್ಲಿ ಕೂತು ಉಣ್ಣಲು ಸಾಧ್ಯವೇ ನೋಡಿ.

ಈ ಉತ್ತರವನ್ನು ತಂದೆಯವರಿಗೆ ಓದಿ ಹೇಳುವುದಾದರೆ ಶೇಗಡಿಯ ಭಾಗವನ್ನೇ ಮೊದಲು ಓದಿ. ತಣ್ಣೀರು, ನಡಿಗೆ, ಉಳಿದೆಲ್ಲವನ್ನೂ ನಿಧಾನವಾಗಿ ಒಪ್ಪಿಸಬಹುದು. ಶೇಗಡಿ ಮಾತ್ರ ಈ ರಾತ್ರಿಯೇ ಹೊರಗೆ ಹೋಗಲಿ.

ಇತಿ ವಿಶ್ವಾಸದಿಂದ,
ಸಂಪಾದಕ