ಫೀ ತಗೊಳ್ಳೋಕೆ ನಾಚಿಕೆ ಯಾಕೆ ತಂಗಿ?

ತಂಗಿ, ಗಂಡನ ಕೆಲಸದ ವೀಸಾ ಮೇಲೆ ಧಾರವಾಡದಿಂದ ಲಂಡನ್ನಿಗೆ ಬಂದಿದ್ದೀಯ. ಹಿಂದೂಸ್ತಾನಿ ಗಾಯನ ಕಲಿತಿದ್ದೀಯ. ಇಲ್ಲಿ ಕಲಿಯುವವರು ಸಿಗುತ್ತಾರಾ, ದುಡ್ಡು ಕೇಳಿದರೆ ತಪ್ಪಾಗುತ್ತಾ, ನನ್ನ ಹಾಡು ನಿಂತೇ ಹೋಗುತ್ತಾ ಅಂತ ಕೇಳಿದ್ದೀಯ. ನಾನು ಗದಗಿನವಳು, ಇಲ್ಲಿ ಹಾಡು ಕಲಿಸಿಕೊಂಡೇ ಇದ್ದೇನೆ.

ಕಲಿಯುವವರು ಖಂಡಿತ ಸಿಗುತ್ತಾರೆ. ಆದರೆ ಸವಾಯಿ ಗಂಧರ್ವರ ಹತ್ತಿರ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲು ಹತ್ತುತ್ತಿದ್ದ ಗಂಗೂಬಾಯಿ ಹಾನಗಲ್ ಅವರಂಥ ಹುಡುಗಿ ಬರಲಿ ಅಂತ ಕಾಯುತ್ತಾ ಕೂತರೆ, ಕೂತೇ ಇರಬೇಕಾಗುತ್ತದೆ. ಈಜು, ಗಣಿತದ ಟ್ಯೂಷನ್ ನಡುವೆ ಅರ್ಧ ಗಂಟೆ ಬಿಡುವು ಸಿಕ್ಕ ಮಕ್ಕಳು ಬರುತ್ತಾರೆ. ದೊಡ್ಡವರೂ ಬರುತ್ತಾರೆ. ಹಾವೇರಿ ಕಡೆಯ ಡಾಕ್ಟರ್ ಒಬ್ಬರು ನಿವೃತ್ತಿಯಾದ ಮೇಲೆ ಬಂದರು. ಅವರಿಗೆ ಖ್ಯಾಲ್‌ನಂಥ ಶಾಸ್ತ್ರೀಯ ಗಾಯನ ಬೇಕಿರಲಿಲ್ಲ. ಅವರ ತಾಯಿ ಹೇಳುತ್ತಿದ್ದ ಒಂದು ವಚನವನ್ನು ನಾಲ್ಕು ಜನರ ಮುಂದೆ ಹಾಡಬೇಕು, ಅಷ್ಟೇ ಆಸೆ. ಶ್ರುತಿಯೇ ನಿಲ್ಲುತ್ತಿರಲಿಲ್ಲ. ತಿಂಗಳುಗಟ್ಟಲೆ ಬರೀ ‘ಸಾ’ ಹಿಡಿಸಿದೆ. ಬಸವ ಜಯಂತಿಗೆ ಹಾಡಿದರು. ಎರಡು ಕಡೆ ಬೇಸೂರ್ ಆಯಿತು. ಕೆಳಗಿಳಿದು ಬಂದವರೇ, “ಇನ್ನೊಂದು ಕಲಿಸ್ರೀ” ಅಂದರು.

ಅದಕ್ಕೇ ಮೊದಲ ದಿನವೇ ಕೇಳಿಬಿಡು: ಏನು ಹಾಡಬೇಕು ಅಂತ ನಿಮ್ಮ ಆಸೆ? ಯಮನ್ ರಾಗದ ಪಾಠ ಆಮೇಲೆ ಬರಲಿ.

ಈಗ ದುಡ್ಡಿನ ಮಾತು. ವಿದ್ಯೆ ಮಾರಬಾರದು ಅನ್ನುವವರು ತಕ್ಷಣ ಗದಗಿನ ವೀರೇಶ್ವರ ಪುಣ್ಯಾಶ್ರಮ ತೋರಿಸುತ್ತಾರೆ. ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅಲ್ಲಿ ಊಟ, ವಸತಿ, ಸಂಗೀತ ಎಲ್ಲ ಪುಕ್ಕಟೆ. ನಿಜವೇ. ಆದರೆ ಆ ಅನ್ನ ಸುಮ್ನೆ ಬಂತಾ? 1944ರಲ್ಲಿ ಆಶ್ರಮದ ಗುರು ಪಂಚಾಕ್ಷರಿ ಗವಾಯಿಗಳು ತೀರಿಕೊಂಡ ಮೇಲೆ ಆಶ್ರಮದ ಹೊರೆ ಅವರ ಶಿಷ್ಯ ಪುಟ್ಟರಾಜ ಗವಾಯಿಗಳ ಮೇಲೆ ಬಿತ್ತು. ಅವರು ನಾಟಕ ಕಂಪನಿ ನಡೆಸಿ ಮಕ್ಕಳ ಹೊಟ್ಟೆ ತುಂಬಿಸಿದರು. ಭಕ್ತರು ತುಲಾಭಾರ ಮಾಡಿಸಿ ಕೊಟ್ಟರು. ಟಿಕೆಟ್ ತಗೊಂಡು ನಾಟಕ ನೋಡಿದವನು ಯಾವುದೋ ಹುಡುಗನ ಫೀ ಕಟ್ಟಿದ ಹಾಗೇ ಅಲ್ವಾ? ಕೊಡಬಲ್ಲವರ ಹತ್ತಿರ ಪೂರ್ತಿ ತಗೋ. ಆಗ ಕೊಡಲಾಗದ ಒಂದಿಬ್ಬರಿಗೆ ಹಾಗೇ ಕಲಿಸಲು ನಿನಗೂ ಬಲ ಬರುತ್ತದೆ. ಪುಕ್ಕಟೆ ಕಲಿಯುವ ಶ್ರೀಮಂತರು ಪಾಠ ತಪ್ಪಿಸುವುದೂ ಜಾಸ್ತಿ, ಇದು ನಾನು ಕಂಡ ಮಾತು.

ಡಿಪೆಂಡೆಂಟ್ ವೀಸಾದಲ್ಲಿ ಸ್ವಂತ ಕೆಲಸಕ್ಕೆ ಅಡ್ಡಿಯಿಲ್ಲ, ಆದರೂ ನಿನ್ನ ಕಾಗದ ಒಮ್ಮೆ ಓದಿಕೋ. ಇಲ್ಲಿ ತೆರಿಗೆಯ ವರ್ಷ ಏಪ್ರಿಲ್ 6ಕ್ಕೆ ಶುರು. ಒಂದು ವರ್ಷದಲ್ಲಿ ಪಾಠದ ದುಡ್ಡು 1,000 ಪೌಂಡ್ ದಾಟಿತು ಅಂದರೆ ತೆರಿಗೆ ಇಲಾಖೆಗೆ ಹೆಸರು ಕೊಡಬೇಕು.

ನಿನ್ನ ಹಾಡು ನಿಲ್ಲುವುದಿಲ್ಲ, ಸ್ವಲ್ಪ ಬಗ್ಗಬೇಕು ಅಷ್ಟೇ. ಪಕ್ಕದ ಮನೆಗೂ ನಮಗೂ ಒಂದೇ ಗೋಡೆ, ಹಾಗಾಗಿ ನಸುಕಿನ ರಿಯಾಜ್ ಮರೆತುಬಿಡು. ರಾಗದ ಹೊತ್ತೂ ಇಲ್ಲಿ ತಮಾಷೆಯೇ. ಡಿಸೆಂಬರಿನಲ್ಲಿ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ, ಸ್ಕೂಲಿನಿಂದ ಮಕ್ಕಳನ್ನು ಕರೆತರುವಾಗಲೇ ಸೂರ್ಯ ಮುಳುಗುವ ಹೊತ್ತಿನ ರಾಗ ಮಾರ್ವಾ ಹಾಡಬೇಕು! ಜೂನಿನಲ್ಲಿ ಅದೇ ಮಾರ್ವಾಕ್ಕೆ ರಾತ್ರಿ ಒಂಬತ್ತರ ಮೇಲೆ ಕಾಯಬೇಕು. ಕನ್ನಡ ಬಳಗದವರು ಐದು ನಿಮಿಷ ಕೊಟ್ಟರೂ ಬೇಡ ಅನ್ನಬೇಡ. ಒಂದು ಚೀಜ್, ಅಂದರೆ ಚಿಕ್ಕ ಬಂದಿಶ್, ಹಾಡು; ಕೋರಸ್ಸಿಗೆ ನಿನ್ನ ಶಿಷ್ಯರನ್ನು ಹಿಂದೆ ಕೂರಿಸಿಕೋ. ಊಟದ ಸಾಲು ಶುರುವಾದ ಮೇಲೆ ಮಾತ್ರ ನಿಧಾನ ಲಯದ ವಿಲಂಬಿತ್ ಹಚ್ಚಬೇಡ.

ಹಾರ್ಮೋನಿಯಂ ಊರಿಂದ ತರಿಸಲಾ ಅಂತಲೂ ಕೇಳಿದ್ದೀಯಲ್ಲ, ತರಿಸು. ಚಳಿಗಾಲದಲ್ಲಿ ಹೀಟರ್ ಪಕ್ಕ ಇಡಬೇಡ, ಕಟ್ಟಿಗೆ ಒಣಗಿ ಬಿರುಕು ಬಿಟ್ಟರೆ ಗಾಳಿ ಸೋರುತ್ತದೆ.