ಭಾನುವಾರ ಬೆಂಗಳೂರಿನಿಂದ ಹೊರಟು ಮೈಸೂರು ಅರಮನೆ, ಬೃಂದಾವನ ಎರಡನ್ನೂ ನೋಡಿ ರಾತ್ರಿಗೆ ವಾಪಸ್ ಬರಬಹುದಾ? ವಯಸ್ಸಾದ ಅತ್ತೆ-ಮಾವ ಜೊತೆಗಿದ್ದಾರೆ.

ವಾಪಸ್ ಬರೋದೇನೋ ಬರ್ತೀರಿ. ಎರಡನ್ನೂ ನೋಡ್ತೀರಾ ಅಂದ್ರೆ, ಇಲ್ಲ.

ಭಾನುವಾರ, ಬಾಡಿಗೆ ಕಾರು, ದಾವಣಗೆರೆಯಿಂದ ಬಂದಿದ್ದ ಅತ್ತೆ-ಮಾವ, ಅತ್ತೆಯವರ ಮಂಡಿನೋವು. ನನ್ನದೂ ಇದೇ ಕಥೆ. ನನ್ನ ಲೆಕ್ಕ ಹೀಗಿತ್ತು: ಮಧ್ಯಾಹ್ನ ಅರಮನೆ, ಸಂಜೆ ಬೃಂದಾವನದ ಕಾರಂಜಿ, ಅಲ್ಲಿಂದ ಊರಿಗೆ ಹೊರಡುವಾಗ ದಾರಿಯಲ್ಲಿ ಅರಮನೆಯ ದೀಪ. ಕಾಗದದ ಮೇಲೆ ಅಚ್ಚುಕಟ್ಟಾಗೇ ಇತ್ತು.

ಎಡವಿದ್ದು ಎಲ್ಲಿ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಗುಂಡಿ ಇದೆ. ಅರಮನೆಯ ದೀಪ ಅಂದ್ರೆ ರಾತ್ರಿ ಊಟದ ಹೊತ್ತಿನವರೆಗೂ ಉರೀತಿರುತ್ತೆ ಅಂತ ನನ್ನ ನಂಬಿಕೆ. ದಸರಾ ಸಮಯದಲ್ಲಿ ಟಿವಿಯಲ್ಲಿ ನೋಡಿ ನೋಡಿ ಹಾಗೆ ತಲೆಯಲ್ಲಿ ಕೂತಿತ್ತು. ಮಾಮೂಲಿ ಭಾನುವಾರ ಹಾಗಲ್ಲ. ಏಳಕ್ಕೆ ಹಾಕ್ತಾರೆ, ಮುಕ್ಕಾಲು ಗಂಟೆ ಆದ್ಮೇಲೆ ಆರಿಸ್ತಾರೆ, ಮುಗೀತು. ಆ ಕಡೆ ಬೃಂದಾವನ ಇರೋ ಕೆಆರ್‌ಎಸ್ ಅಣೆಕಟ್ಟಿನಲ್ಲಿ ಕಾರಂಜಿ ಶುರುವಾಗೋದು ಆರೂವರೆ ಸುಮಾರಿಗೆ. ಎರಡರ ನಡುವೆ ಹತ್ತಿರ ಹತ್ತಿರ 20 ಕಿಲೋಮೀಟರ್. ಅಂದ್ರೆ ಒಂದಾದ ಮೇಲೆ ಒಂದು ನೋಡೋಣ ಅಂದುಕೊಂಡಿದ್ದ ಎರಡೂ ಒಂದೇ ಹೊತ್ತಿಗೆ ನಡೀತವೆ. ಎರಡರ ಸಮಯವೂ ನನಗೆ ಸಿಕ್ಕಿತ್ತು, ಬೇರೆ ಬೇರೆ ಕಡೆ ಓದಿದ್ದೆ. ಅಕ್ಕಪಕ್ಕ ಇಟ್ಟು ನೋಡಿರಲಿಲ್ಲ, ಅಷ್ಟೇ.

ಆ ದಿನ ಅರಮನೆ ಮುಚ್ಚುವ ಹೊತ್ತಿಗೆ, ಐದೂವರೆಗೆ, ಹೊರಬಿದ್ವಿ. ಕೆಆರ್‌ಎಸ್ ರಸ್ತೆ ತುಂಬ ನಮ್ಮಂಥವರೇ. ಪಾರ್ಕಿಂಗ್‌ಗೆ ಸಾಲು, ಟಿಕೆಟ್‌ಗೆ ಸಾಲು. ಅದಾದ ಮೇಲೆ ಗೊತ್ತಾಗಿದ್ದು, ಸಂಗೀತ ಕಾರಂಜಿ ಇರೋದು ತೋಟದ ಆ ತುದಿಯಲ್ಲಿ, ನೀರು ದಾಟಿ. ಅತ್ತೆಯವರು ಮೆಟ್ಟಿಲು ಕಂಡಲ್ಲೆಲ್ಲ ನಿಂತರು, ಬೆಂಚು ಕಂಡಲ್ಲೆಲ್ಲ ಕೂತರು. ಸೇತುವೆ ಹತ್ತಿರ ಬರುವಷ್ಟರಲ್ಲಿ ಹಾಡು ಕೇಳಿಸ್ತಿತ್ತು, ಜನರ ತಲೆಗಳ ಮೇಲೆ ಬಣ್ಣದ ನೀರಿನ ತುದಿ ಒಮ್ಮೊಮ್ಮೆ ಕಾಣಿಸ್ತಿತ್ತು. ಅಷ್ಟಕ್ಕೇ ಅವರನ್ನು ವಾಪಸ್ ತಿರುಗಿಸಿದೆ, ‘ದೀಪ ತಪ್ಪಿಹೋಗುತ್ತೆ’ ಅಂತ. ಮತ್ತೆ ಅಷ್ಟೂ ದೂರ ನಡಿಗೆ. ಡ್ರೈವರ್ ಪಾಪ, ಆದಷ್ಟು ಬೇಗನೇ ತಂದು ಮುಟ್ಟಿಸಿದ. ಜಯಮಾರ್ತಾಂಡ ದ್ವಾರದ ಎದುರು ಇಳಿದರೆ ಕಪ್ಪು ಆಕಾಶ, ಅದರ ಮುಂದೆ ಇನ್ನೂ ಕಪ್ಪಾದ ಗೋಪುರಗಳು, ಹೊರಗೆ ಬಲೂನು ಮಾರೋ ಹುಡುಗರು. ಮಾವನವರು ಕನ್ನಡಕ ಒರೆಸಿಕೊಂಡು ಕೇಳಿದರು: “ಏನ್ರೀ ಅಳಿಯಂದ್ರೇ, ಅರಮನೆಗೂ ಕರೆಂಟು ಹೋಯ್ತೇನ್ರಿ?” ಇವತ್ತಿಗೂ ಮನೆಯಲ್ಲಿ ಲೈಟು ಹೋದರೆ ಎಲ್ಲರೂ ನನ್ನ ಮುಖ ನೋಡ್ತಾರೆ.

ಈಗ ನಿಮ್ಮ ವಿಷಯ. ಅರಮನೆ, ಬೃಂದಾವನ ಎರಡನ್ನೂ ಒಟ್ಟಿಗೆ ಸೇರಿಸಿ ಕೇಳಿದ್ದೀರಿ. ಬೃಂದಾವನ ಅರಮನೆಯ ತೋಟವೇ ಅಲ್ಲ. ಅದು ಅಣೆಕಟ್ಟಿನ ಕೆಳಗಿನ ತೋಟ, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ 1932ರ ಹೊತ್ತಿಗೆ ಸಿದ್ಧವಾದದ್ದು. ಚೆನ್ನಾಗಿಲ್ಲ ಅಂತ ಹೇಳ್ತಿಲ್ಲ. ಮಂಡಿನೋವಿನವರನ್ನು ಕರಕೊಂಡು ಭಾನುವಾರ ಸಂಜೆ ಹೋಗೋ ಜಾಗ ಅಲ್ಲ, ಅಷ್ಟೇ. ಬೇಕೇ ಬೇಕು ಅಂದ್ರೆ ಶನಿವಾರವೇ ಬಂದು ಅಲ್ಲಿ ಸಂಜೆ ಕಳೆದು, ರಾತ್ರಿ ಮೈಸೂರಲ್ಲಿ ಉಳೀರಿ.

ಒಂದೇ ದಿನ, ಅರಮನೆಯೂ ತೋಟವೂ ಬೇಕು ಅಂದ್ರೆ ಬೆಳಿಗ್ಗೆ ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಿ. ಹೈವೇಯಲ್ಲಿ ಮೈಮರೆತರೆ ಶ್ರೀರಂಗಪಟ್ಟಣ ದಾಟಿ ಹೋಗ್ತೀರಿ, ಡ್ರೈವರ್‌ಗೆ ಮೊದಲೇ ಹೇಳಿಡಿ. ಟಿಪ್ಪುವಿನ ಬೇಸಿಗೆ ಅರಮನೆ, 1784ರಲ್ಲಿ ಮುಗಿದದ್ದು, ಹೆಚ್ಚಿನದೆಲ್ಲ ಮರದ ಕೆಲಸ. ಸುತ್ತಲೂ ತೋಟ, ನೆಲ ಸಮತಟ್ಟು, ನೆರಳಿದೆ, ಹಿರಿಯರು ನಿಧಾನಕ್ಕೆ ಓಡಾಡಬಹುದು. ಹೊರಗಿಂದ ನೋಡಿದರೆ ಬಿಸಿಲಿಗೆ ಇಳಿಬಿಟ್ಟ ಪರದೆಗಳೇ ಕಾಣೋದು, ‘ಇಷ್ಟೇನಾ’ ಅನ್ಸುತ್ತೆ. ಒಳಗೆ ಜಗಲಿಗೆ ಬಂದು ಪಶ್ಚಿಮದ ಗೋಡೆ ನೋಡಿ. ಹೈದರ್-ಟಿಪ್ಪು ಬ್ರಿಟಿಷರನ್ನು ಸೋಲಿಸಿದ 1780ರ ಪೊಲ್ಲಿಲೂರು ಯುದ್ಧ ಇಡೀ ಗೋಡೆ ತುಂಬಿದೆ: ಮದ್ದಿನ ಗಾಡಿ ಸಿಡೀತಿದೆ, ಕೆಂಪು ಕೋಟಿನ ಸಿಪಾಯಿಗಳು ಚೌಕಾಕಾರವಾಗಿ ಒತ್ತಿಕೊಂಡು ನಿಂತಿದ್ದಾರೆ, ನಡುವೆ ಅವರ ನಾಯಕ, ಗಾಯಗೊಂಡ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ. ಬೈಲಿಯ ಮುಖ ಹುಡುಕಿ, ಬಾಕಿಯದನ್ನು ಅವಸರದಲ್ಲಿ ನೋಡಿದರೂ ನಡೆಯುತ್ತೆ. ತಮಾಷೆ ಅಂದ್ರೆ, 1799ರಲ್ಲಿ ಪಟ್ಟಣ ಬಿದ್ದ ಮೇಲೆ ಇದೇ ಮನೆಯಲ್ಲಿ ಬಿಡಾರ ಹೂಡಿದವನು ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ. ತನ್ನ ಕಡೆಯವರು ಸೋತ ಚಿತ್ರ ನೋಡ್ಕೊಂಡೇ ಓಡಾಡಿರಬೇಕು.

ಅಲ್ಲಿಂದ ಮೈಸೂರು 15 ಕಿಲೋಮೀಟರ್ ಅಷ್ಟೇ. ಮೊದಲು ಊಟ ಮುಗಿಸಿ, ಮೂರರ ಮೇಲೆ ಅರಮನೆ ಒಳಗೆ ಹೋಗಿ. ಒಳಗೆ ಹೋಗೋ ಮುಂಚೆ ಚಪ್ಪಲಿ ಬಿಡಬೇಕು, ನಡುಮಧ್ಯಾಹ್ನ ಅಂಗಳದ ಕಲ್ಲು ಕಾದ ಕಾವಲಿ. ಹಿರಿಯರಿಗೆ ಕಾಲುಚೀಲ ಹಾಕಿಸಿ. ಈಗಿನ ಕಟ್ಟಡ ಹಳೇದಲ್ಲ. 1897ರಲ್ಲಿ ರಾಜಕುಮಾರಿಯ ಮದುವೆ ಸಂಭ್ರಮದಲ್ಲಿ ಮರದ ಅರಮನೆ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ನಕ್ಷೆಯಂತೆ ಕಟ್ಟಿ 1912ರಲ್ಲಿ ಮುಗಿಸಿದ್ದು. ಜನ ಚಿನ್ನದ ಅಂಬಾರಿಗೆ ಮುಗಿಬೀಳ್ತಾರೆ. ನನ್ನ ಕೇಳಿದರೆ ಕಲ್ಯಾಣ ಮಂಟಪದಲ್ಲಿ ಹೆಚ್ಚು ಹೊತ್ತು ನಿಲ್ಲಿ. ಮೇಲೆ ಬಣ್ಣದ ಗಾಜಿನಲ್ಲಿ ನವಿಲು, ಅದನ್ನು ಹೊತ್ತಿರೋ ಕಂಬಗಳು ಗ್ಲಾಸ್ಗೋದಲ್ಲಿ ಎರಕ ಹೊಯ್ದು ತಂದ ಕಬ್ಬಿಣ. ಗೋಡೆಯ ಮೇಲೆ ದಸರಾ ಮೆರವಣಿಗೆ ಬಿಡಿಸಿದ್ದಾರೆ. ಆ ಗಡಿಬಿಡಿಯ ದಿನದಲ್ಲೂ ಮಾವನವರು ಕಾಲುಗಂಟೆ ಅಲುಗಾಡದೆ ನಿಂತಿದ್ದು ಅದೊಂದರ ಮುಂದೆ.

ಒಳಗಿಂದ ಬಂದ ಮೇಲೆ ಕಾರಿನ ಹತ್ತಿರವೂ ಹೋಗಬೇಡಿ. ಹತ್ತಿರದಲ್ಲೇ ಎಲ್ಲಾದರೂ ಕಾಫಿ ಕುಡಿದು, ಆರೂವರೆಗೆಲ್ಲ ಅರಮನೆ ಎದುರು ಹಿರಿಯರಿಗೆ ಕೂರೋಕೆ ಜಾಗ ಹಿಡೀರಿ. ಹೆಚ್ಚುಕಡಿಮೆ ಒಂದು ಲಕ್ಷ ಬಲ್ಬು ಒಟ್ಟಿಗೆ ಹೊತ್ತಿಕೊಳ್ಳುತ್ತೆ, ಫೋಟೋ ಆಮೇಲೆ ತೆಗೆದರಾಯ್ತು. ದೀಪ ಆರಿಸುವವರೆಗೂ ಕಾಯಬೇಡಿ. ಐದ್ಹತ್ತು ನಿಮಿಷ ಮೊದಲೇ ಎದ್ದು ಹೊರಟುಬಿಡಿ, ಇಲ್ಲಾಂದ್ರೆ ಅಲ್ಲಿರೋ ಅಷ್ಟೂ ಕಾರು ಒಂದೇ ಸಲ ಬೆಂಗಳೂರು ರಸ್ತೆಗೆ ಇಳಿಯುತ್ತೆ.